ಏಕಾಂತದ ಹಕ್ಕು ಮತ್ತು ಸಂಸದರಿಗೊಂದು ಓಲೆ

ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿ ಅದರ ಮೇಲೊಂದು ವಸ್ತ್ರವನ್ನು ಹೊದೆಯುವುದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಅದನ್ನು ಕರಸ್ಥಲದಲ್ಲಿಟ್ಟು ಪೂಜಿಸುವಾಗಲೂ ಸಾಧಕನು ಮನೆಯ ಒಂದು ಮೂಲೆಯನ್ನು ಹುಡುಕಿಕೊಳ್ಳುತ್ತಾನೆ. ದೀಕ್ಷೆಯ ಸಮಯದಲ್ಲಿ ಗುರುವು ಮಂತ್ರವನ್ನು ಶಿಷ್ಯನ ಕಿವಿಯಲ್ಲಿ ಉಸುರುತ್ತಾನೆ, ಸಭೆಯ ನಡುವೆ ನಿಂತು ಸಾರುವುದಿಲ್ಲ. ಇದರಲ್ಲಿ ಅಂಜಿಕೆಯೂ ಇಲ್ಲ, ಕಪಟವೂ ಇಲ್ಲ. ಮನುಷ್ಯನಾದವನಿಗೆ ಅನ್ಯರ ಕಣ್ಣು ಬೀಳದ, ತನ್ನದೇ ಆದ ಒಂದು ತಾವು ಬೇಕೆಂಬ ಅರಿವು ಈ ಆಚರಣೆಗಳ ಹಿಂದಿದೆ. ಹಿರಿಯರು ಅದನ್ನು ಏಕಾಂತವೆಂದು ಕರೆದರು. ಇಂದಿನ ನ್ಯಾಯಾಲಯಗಳು ಅದನ್ನು ಖಾಸಗಿತನವೆಂದು ಕರೆಯುತ್ತವೆ. ಅಂತರ್ಜಾಲವು ಮನೆಮನೆಯ ಪಡಸಾಲೆಗೂ ಅಡುಗೆಮನೆಗೂ ಬಂದಿರುವ ಈ ದಿನಗಳಲ್ಲಿ ಆ ತಾವನ್ನು ಉಳಿಸಿಕೊಳ್ಳಲು ನಾವು ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಎಂಬ ವಿಚಾರವನ್ನು ಈ ತಿಂಗಳು ಓದುಗ ಬಂಧುಗಳ ಮುಂದಿಡಲು ಬಯಸುತ್ತೇವೆ.

ಮೊದಲು ಸಂಗತಿ ಏನೆಂಬುದನ್ನು ತಿಳಿಯೋಣ. ಜಾತ್ರೆಗೆ ಹೋದಿರೆಂದು ಭಾವಿಸಿರಿ. ಮೊದಲ ಅಂಗಡಿಯವನು ನಿಮಗೆ ತಿಳಿಯದಂತೆ ನಿಮ್ಮ ಮುಂಗೈಗೆ ಒಂದು ದಾರವನ್ನು ಕಟ್ಟುತ್ತಾನೆ. ಮರಳಿ ಬಂದಾಗ ದಾರವನ್ನು ನೋಡಿ, ಕಳೆದ ಸಲ ಬೆಂಡು ಬತ್ತಾಸು ಕೊಂಡವರು ಇವರೇ ಎಂದು ಗುರುತಿಸುತ್ತಾನೆ. ಇಷ್ಟಕ್ಕೇ ನಿಂತಿದ್ದರೆ ಅದು ವ್ಯಾಪಾರಿಯ ಜಾಣ್ಮೆಯಾಗುತ್ತಿತ್ತು. ನಮ್ಮ ಊರಿನ ಕಿರಾಣಿ ಅಂಗಡಿಯವನಿಗೂ ಯಾರ ಮನೆಗೆ ಎಷ್ಟು ಬೆಲ್ಲ ಬೇಕೆಂಬುದು ಗೊತ್ತಿರುತ್ತದೆ. ಆದರೆ ಜಾತ್ರೆಯ ಪ್ರತಿಯೊಂದು ಅಂಗಡಿಯ ಹಿಂದೆಯೂ ಒಬ್ಬನೇ ದಣಿಯ ಆಳುಗಳು ನಿಂತಿದ್ದಾರೆ. ಅವರು ಅದೇ ದಾರವನ್ನು ನೋಡಿ, ನೀವು ಬಳೆಯಂಗಡಿಯಲ್ಲಿ ಎಷ್ಟು ಹೊತ್ತು ನಿಂತಿರಿ, ನಾಟಿವೈದ್ಯನ ಬಳಿ ಯಾವ ಬೇನೆಗೆ ಮದ್ದು ಕೇಳಿದಿರಿ, ಸಾಲ ಕೊಡುವವನ ಗಲ್ಲೆಯ ಮುಂದೆ ಎಷ್ಟು ಸಲ ಸುಳಿದಿರಿ ಎಂದು ಬರೆದಿಟ್ಟುಕೊಳ್ಳುತ್ತಾರೆ. ಸಂಜೆಗೆ ಆ ಬರಹವೆಲ್ಲ ಒಂದು ಕಡೆ ಸೇರುತ್ತದೆ. ಮರುದಿನ ನಿಮ್ಮ ಮನೆಯ ಬಾಗಿಲಿಗೆ ಬರುವವರು ನಿಮ್ಮ ಬೇನೆಯನ್ನೂ ಬಡತನವನ್ನೂ ಬಲ್ಲವರಾಗಿ ಬರುತ್ತಾರೆ.

ಅಂತರ್ಜಾಲದಲ್ಲಿ ಆ ದಾರಕ್ಕೆ ಕುಕಿ ಎಂದು ಹೆಸರು. ೧೯೯೪ರಲ್ಲಿ ನೆಟ್‌ಸ್ಕೇಪ್ ಎಂಬ ಸಂಸ್ಥೆಯ ತಂತ್ರಜ್ಞ ಲೂ ಮೊಂಟುಲಿ ಇದನ್ನು ರೂಪಿಸಿದಾಗ ಅದರ ಉದ್ದೇಶ ಸರಳವಾಗಿತ್ತು. ಜಾಲತಾಣವು ಒಮ್ಮೆ ಬಂದವರನ್ನು ಮತ್ತೆ ಬಂದಾಗ ಗುರುತಿಸಲಿ, ಕೊಳ್ಳಲು ಆರಿಸಿಟ್ಟ ಸಾಮಾನನ್ನು ಮರೆಯದಿರಲಿ ಎಂಬುದಷ್ಟೇ ಅಂದಿನ ಅಗತ್ಯ. ಜಾಹೀರಾತಿನವರು ಅದನ್ನು ಕೈಗೆತ್ತಿಕೊಂಡ ಮೇಲೆ ಅದರ ಸ್ವರೂಪ ಬೇರೆಯಾಯಿತು. ಸಾವಿರಾರು ತಾಣಗಳಲ್ಲಿ ಒಂದೇ ಜಾಹೀರಾತು ಕಂಪನಿಯ ತುಣುಕು ಅಡಗಿರುವುದರಿಂದ ಓದುಗನು ಎಲ್ಲಿಂದ ಎಲ್ಲಿಗೆ ಹೋದನೆಂಬುದು ಆ ಕಂಪನಿಗೆ ತಿಳಿಯುತ್ತದೆ. ಮೊಬೈಲು ಬಂದ ಮೇಲಂತೂ ದಾರದ ಅಗತ್ಯವೂ ಕಡಿಮೆಯಾಯಿತು. ದೂರವಾಣಿಗೇ ಒಂದು ಜಾಹೀರಾತು ಸಂಖ್ಯೆ ಇರುತ್ತದೆ. ಅದು ಇರುವ ಸ್ಥಳ, ಅದರೊಳಗಿನ ಹೆಸರುಗಳ ಪಟ್ಟಿ, ಚಿತ್ರಗಳು ಎಲ್ಲವನ್ನೂ ಆ್ಯಪುಗಳು ಕೇಳುತ್ತವೆ, ನಾವು ಓದದೆಯೇ ಒಪ್ಪಿಗೆಯ ಗುಂಡಿಯನ್ನು ಒತ್ತುತ್ತೇವೆ.

ಕಂಪನಿಗಳೇ ಒಂದು ದಿನ ಸಂಕೋಚಪಟ್ಟು ಇದನ್ನು ನಿಲ್ಲಿಸಬಹುದೆಂದು ಕೆಲವರು ನಂಬಿದ್ದರು. ಗೂಗಲ್ ಸಂಸ್ಥೆಯು ಇತರರು ಕಟ್ಟುವ ಇಂತಹ ದಾರಗಳನ್ನು ತನ್ನ ಕ್ರೋಮ್ ತಂತ್ರಾಂಶದಿಂದ ಎರಡು ವರ್ಷಗಳೊಳಗೆ ತೆಗೆದುಹಾಕುವುದಾಗಿ ೨೦೨೦ರಲ್ಲಿ ಸಾರಿತು. ಗಡುವನ್ನು ಮತ್ತೆ ಮತ್ತೆ ಮುಂದೂಡಿ ೨೦೨೪ರ ಜುಲೈಯಲ್ಲಿ ಆ ಸಂಕಲ್ಪವನ್ನೇ ಕೈಬಿಟ್ಟಿತು. ಹಸಿದವನ ಕೈಗೆ ಕಣಜದ ಕೀಲಿಯನ್ನು ಕೊಟ್ಟು ಅವನ ಉಪವಾಸವನ್ನು ನಂಬುವುದು ವಿವೇಕವಲ್ಲ. ಇದಕ್ಕೆ ಶಾಸನವೇ ಬೇಕು. ಶಾಸನವನ್ನು ಮಾಡುವವರು ನಾವು ಆರಿಸಿ ಕಳುಹಿಸಿದವರು.

ಇಲ್ಲಿ ನಮ್ಮ ನಾಡಿನವರು ನೆನೆಯಲೇಬೇಕಾದ ಒಬ್ಬ ಹಿರಿಯರಿದ್ದಾರೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ.ಎಸ್. ಪುಟ್ಟಸ್ವಾಮಿ ಅವರು ೨೦೧೨ರಲ್ಲಿ, ತಮ್ಮ ೮೬ನೆಯ ವಯಸ್ಸಿನಲ್ಲಿ, ಶಾಸನದ ಆಧಾರವಿಲ್ಲದೆ ಜನರ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ಪಡೆಯುವುದು ಸರಿಯೇ ಎಂದು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಖಾಸಗಿತನವೆಂಬುದು ಸಂವಿಧಾನವು ಕೊಟ್ಟ ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರದ ಪರವಾಗಿ ವಾದ ನಡೆಯಿತು. ಅದಕ್ಕೆ ೧೯೫೪ರ ಮತ್ತು ೧೯೬೨ರ ಹಳೆಯ ತೀರ್ಪುಗಳ ಬೆಂಬಲವಿತ್ತು. ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಏಕಕಂಠದಿಂದ, ೨೧ನೆಯ ವಿಧಿಯು ಕಾಪಾಡುವ ಜೀವಿಸುವ ಹಕ್ಕಿನಲ್ಲಿಯೇ ಖಾಸಗಿತನವು ಸೇರಿದೆಯೆಂದು ಸಾರಿತು. ಪುಟ್ಟಸ್ವಾಮಿಯವರು ೨೦೨೪ರ ಅಕ್ಟೋಬರ್‌ನಲ್ಲಿ ೯೮ನೆಯ ವಯಸ್ಸಿನಲ್ಲಿ ನಮ್ಮನ್ನಗಲಿದರು. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲರ ಬಾಯಲ್ಲಿ ಅವರ ಹೆಸರಿದೆ. ನಮ್ಮ ಶಾಲೆಗಳ ಮಕ್ಕಳಿಗೂ ಆ ಹೆಸರನ್ನು ಹೇಳಿಕೊಡಬೇಕು.

ನ್ಯಾಯಾಲಯವು ಹಕ್ಕನ್ನು ಸಾರಬಹುದು. ಅದಕ್ಕೆ ಬೇಲಿ ಕಟ್ಟುವ ಕೆಲಸ ಸಂಸತ್ತಿನದು. ಆ ಬೇಲಿಯ ಕಥೆ ಸ್ವಲ್ಪ ದೀರ್ಘವಾಗಿದೆ, ಓದುಗರು ಸೈರಿಸಬೇಕು. ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಅಧ್ಯಕ್ಷತೆಯ ಸಮಿತಿಯು ಬೆಂಗಳೂರೂ ಸೇರಿ ನಾಲ್ಕು ನಗರಗಳಲ್ಲಿ ಜನಾಭಿಪ್ರಾಯವನ್ನು ಕೇಳಿ ೨೦೧೮ರ ಜುಲೈಯಲ್ಲಿ ವರದಿ ಕೊಟ್ಟಿತು. ೨೦೧೯ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಸೂದೆ ಮಂಡನೆಯಾಗಿ ಎರಡೂ ಸದನಗಳ ಜಂಟಿ ಸಮಿತಿಗೆ ಹೋಯಿತು. ಎರಡು ವರ್ಷಗಳ ಪರಿಶೀಲನೆಯ ನಂತರ ಆ ಸಮಿತಿಯು ೮೧ ತಿದ್ದುಪಡಿಗಳನ್ನು ಸೂಚಿಸಿತು. ೨೦೨೨ರ ಆಗಸ್ಟ್‌ನಲ್ಲಿ ಸರ್ಕಾರವು ಮಸೂದೆಯನ್ನೇ ಹಿಂತೆಗೆದುಕೊಂಡಿತು. ಅದೇ ವರ್ಷದ ನವೆಂಬರ್‌ನಲ್ಲಿ ಹೊಸ ಕರಡು ಬಂದಿತು. ಅದಕ್ಕೆ ೨೦,೦೦೦ಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವಾದರೂ ಅವುಗಳನ್ನು ಸರ್ಕಾರವು ಪ್ರಕಟಿಸಲಿಲ್ಲ. ೨೦೨೩ರ ಆಗಸ್ಟ್ ೩ರಂದು ಮಂಡನೆಯಾದ ಮಸೂದೆಯು ೭ರಂದು ಲೋಕಸಭೆಯಲ್ಲಿಯೂ ೯ರಂದು ರಾಜ್ಯಸಭೆಯಲ್ಲಿಯೂ ಧ್ವನಿಮತದಿಂದ ಅಂಗೀಕಾರವಾಯಿತು. ೧೧ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಐದಾರು ವರ್ಷ ಬೇಯಿಸಿದ ಅಡುಗೆಯನ್ನು ಹೀಗೆ ಒಂದು ವಾರದಲ್ಲಿ ಬಡಿಸಿ ಎಲೆ ಎತ್ತಲಾಯಿತು. ಇದೇ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ. ಅದರ ನಿಯಮಗಳು ೨೦೨೫ರ ನವೆಂಬರ್‌ನಲ್ಲಿ ಹೊರಬಿದ್ದವು. ಕಂಪನಿಗಳು ಪಾಲಿಸಬೇಕಾದ ಮುಖ್ಯ ಕರ್ತವ್ಯಗಳಿಗೆ ಆ ನಿಯಮಗಳು ೧೮ ತಿಂಗಳ ಕಾಲಾವಕಾಶವನ್ನು ಕೊಟ್ಟವು.

ಈ ಶಾಸನದಲ್ಲಿ ಒಳ್ಳೆಯದಿಲ್ಲವೆಂದು ಹೇಳಿದರೆ ಅದು ಅಸತ್ಯವಾದೀತು. ಹದಿನೆಂಟು ತುಂಬದ ಮಕ್ಕಳ ಮಾಹಿತಿಯನ್ನು ಬಳಸಲು ತಂದೆತಾಯಿಯರ ಒಪ್ಪಿಗೆಯನ್ನು ಖಚಿತಪಡಿಸಿಕೊಳ್ಳಬೇಕೆಂದು ಅದು ಹೇಳುತ್ತದೆ. ಮಕ್ಕಳ ಹೆಜ್ಜೆಜಾಡು ಹಿಡಿಯುವುದನ್ನೂ ಅವರನ್ನು ಗುರಿಯಾಗಿಸಿದ ಜಾಹೀರಾತನ್ನೂ ನಿಷೇಧಿಸುತ್ತದೆ. ಮಕ್ಕಳ ಕುರಿತಾದ ಈ ಕರ್ತವ್ಯಗಳನ್ನು ಮೀರಿದವರಿಗೆ ೨೦೦ ಕೋಟಿ ರೂಪಾಯಿಗಳವರೆಗೆ ದಂಡವಿದೆ. ಒಪ್ಪಿಗೆಯನ್ನು ಕೇಳುವಾಗ ಸಂವಿಧಾನದ ಎಂಟನೆಯ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದುವ ಅವಕಾಶವನ್ನು ಕೊಡಬೇಕೆಂಬ ವಿಧಿಯಿದೆ. ಅವುಗಳಲ್ಲಿ ನಮ್ಮ ಕನ್ನಡವೂ ಒಂದು. ಇನ್ನೊಂದು ವಿಶೇಷವನ್ನು ಶರಣೆಯರು ಗಮನಿಸಬೇಕು. ಈ ಅಧಿನಿಯಮವು ವ್ಯಕ್ತಿಯನ್ನು ಸೂಚಿಸುವಾಗ ಉದ್ದಕ್ಕೂ ಸ್ತ್ರೀವಾಚಕ ಸರ್ವನಾಮವನ್ನೇ ಬಳಸಿ, ಅದರಲ್ಲಿ ಎಲ್ಲರೂ ಅಡಕವೆಂದು ಹೇಳಿದೆ. ಹೆಣ್ಣು ಗಂಡುಗಳ ನಡುವೆ ಸುಳಿವ ಆತ್ಮಕ್ಕೆ ಭೇದವಿಲ್ಲವೆಂಬ ಮಾತನ್ನು ಹನ್ನೆರಡನೆಯ ಶತಮಾನದಲ್ಲಿಯೇ ಕೇಳಿದವರಿಗೆ ಇದು ಹೊಸದಲ್ಲ. ಆದರೂ ದೆಹಲಿಯ ಕಾನೂನು ಪುಸ್ತಕದಲ್ಲಿ ಕಂಡಾಗ ಸಂತೋಷವಾಯಿತು.

ಕೊರತೆಗಳೂ ಸಣ್ಣವಲ್ಲ. ವಯಸ್ಕರ ಹೆಜ್ಜೆಜಾಡು ಹಿಡಿಯುವುದನ್ನು ಅದು ನೇರವಾಗಿ ತಡೆಯುವುದಿಲ್ಲ. ಒಪ್ಪಿಗೆಯ ಗುಂಡಿಯೊಂದಿದ್ದರೆ ದಾರಿ ತೆರೆಯುತ್ತದೆ. ಕೇಂದ್ರ ಸರ್ಕಾರವು ತಾನು ಸೂಚಿಸಿದ ಸರ್ಕಾರಿ ಸಂಸ್ಥೆಗಳನ್ನು ಶಾಸನದ ಹೊರಗಿಡಬಹುದು. ದೂರು ಕೇಳುವ ಮಂಡಳಿಯ ಸದಸ್ಯರನ್ನು ಕೇಂದ್ರ ಸರ್ಕಾರವೇ ನೇಮಿಸುತ್ತದೆ. ಕಂಪನಿಗೆ ೨೫೦ ಕೋಟಿಯವರೆಗೆ ದಂಡ ಬಿದ್ದರೂ ಆ ಹಣ ಭಾರತದ ಸಂಚಿತ ನಿಧಿಗೆ ಹೋಗುತ್ತದೆ. ಮಾನ ಕಳೆದುಕೊಂಡವರಿಗೆ ಒಂದು ಬಿಡಿಗಾಸೂ ಇಲ್ಲ. ಹಿಂದೆ ಮಾಹಿತಿ ತಂತ್ರಜ್ಞಾನ ಕಾಯಿದೆಯ ೪೩ಎ ಕಲಮಿನಲ್ಲಿ ಪರಿಹಾರಕ್ಕೆ ಒಂದು ಕಿಂಡಿಯಿತ್ತು, ಅದನ್ನೂ ತೆಗೆದುಹಾಕಲು ಈ ಶಾಸನ ವಿಧಿಸಿದೆ. ಅತ್ತ ಹುಸಿ ದೂರನ್ನು ಕೊಟ್ಟ ಸಾಮಾನ್ಯ ಮನುಷ್ಯನಿಗೆ ಹತ್ತು ಸಾವಿರ ರೂಪಾಯಿಗಳವರೆಗೆ ದಂಡವಿದೆ.

ಪರಿಹಾರದ ಮಾತನ್ನು ನಾವು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಬಳಿ ಓದಿದ ಹಳೆಯ ವಿದ್ಯಾರ್ಥಿಯೊಬ್ಬರ ಪತ್ನಿ, ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಕಾಯಕದವರು, ಮೊಬೈಲಿನ ಒಂದು ಆ್ಯಪಿನಿಂದ ಎಂಟು ಸಾವಿರ ರೂಪಾಯಿ ಸಾಲವನ್ನು ಪಡೆದರು. ಕೈಗೆ ಬಂದದ್ದು ಐದು ಸಾವಿರ ಚಿಲ್ಲರೆ. ಮರಳಿಸುವ ಗಡುವು ಏಳು ದಿನ. ಎಂಟನೆಯ ದಿನ ಅವರ ದೂರವಾಣಿಯಲ್ಲಿದ್ದ ಎಲ್ಲ ಹೆಸರುಗಳಿಗೂ ಅವರ ಭಾವಚಿತ್ರದೊಂದಿಗೆ, ಈಕೆ ಕಳ್ಳಿ ಎಂಬ ಸಂದೇಶ ಹೋಯಿತು. ಓಣಿಯ ಸಂಘದ ಅಕ್ಕಂದಿರಿಗೆ ಹೋಯಿತು, ಮಗಳನ್ನು ಕೇಳಿಕೊಂಡು ಬಂದಿದ್ದ ಬೀಗರಿಗೆ ಹೋಯಿತು, ನಮಗೂ ಬಂದಿತು. ಬೀಗರು ತಿಳಿದವರಾದುದರಿಂದ ನಿಶ್ಚಯ ಮುರಿಯಲಿಲ್ಲ. ಆದರೆ ಆ ತಾಯಿ ಎರಡು ತಿಂಗಳು ಓಣಿಯಲ್ಲಿ ತಲೆಯೆತ್ತಿ ನಡೆಯಲಿಲ್ಲ. ರೊಟ್ಟಿಯ ಬುಟ್ಟಿಯನ್ನು ಮಗನ ಕೈಯಲ್ಲಿ ಕಳುಹಿಸುತ್ತಿದ್ದರು. ನಾವು ಅವರ ಮನೆಗೆ ಹೋದಾಗ ಅವರು ಕೇಳಿದ್ದು ಒಂದೇ ಮಾತು: “ಗುರುಗಳೇ, ನಾನು ಒಪ್ಪಿಗೆ ಕೊಟ್ಟೀನಂತ ಪೊಲೀಸರು ಹೇಳ್ತಾರ. ಇಂಗ್ಲಿಷಿನ್ಯಾಗಿತ್ತು. ನಾನು ಯಾವಾಗ ಒಪ್ಪಿದೆ?”

ಆ ತಾಯಿ ಗುಂಡಿಯನ್ನು ಒತ್ತಿದ್ದು ನಿಜವೇ ಇರಬಹುದು. ಆದರೆ ಆ ಪಟ್ಟಿಯಲ್ಲಿದ್ದ ನಮ್ಮ ಸಂಖ್ಯೆಯನ್ನು ತೆಗೆದುಕೊಳ್ಳಲು ನಮ್ಮನ್ನು ಯಾರು ಕೇಳಿದ್ದರು? ಒಬ್ಬರ ಒಂದು ಒತ್ತಿನಿಂದ ನೂರಾರು ಜನರ ಗುರುತು ಹೊರಟುಹೋಗುತ್ತದೆ. ಸಾಲದ ಆ್ಯಪುಗಳು ದೂರವಾಣಿಯಲ್ಲಿರುವ ಹೆಸರುಗಳ ಪಟ್ಟಿಯನ್ನೂ ಚಿತ್ರಗಳನ್ನೂ ಕರೆಗಳ ವಿವರವನ್ನೂ ಮುಟ್ಟಬಾರದೆಂದು ರಿಸರ್ವ್ ಬ್ಯಾಂಕು ೨೦೨೨ರ ಸೆಪ್ಟೆಂಬರ್‌ನಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ಅಷ್ಟರಲ್ಲಿ ದೇಶದ ನಾನಾ ಕಡೆಗಳಲ್ಲಿ ಇಂತಹ ಅವಮಾನವನ್ನು ತಾಳಲಾರದೆ ಪ್ರಾಣ ಕಳೆದುಕೊಂಡವರ ಸುದ್ದಿಗಳು ಬಂದಿದ್ದವು.

ಇನ್ನು ಈ ಶಾಸನದ ಮತ್ತೊಂದು ಕಲಮನ್ನು ಕುರಿತು ಹೇಳಬೇಕು. ಅದನ್ನು ಹೇಳಲು ಕಲ್ಯಾಣದ ಕಥೆಯೊಂದು ಸಹಾಯಕ್ಕೆ ಬರುತ್ತದೆ. ಶರಣರ ಚರಿತ್ರೆಯಲ್ಲಿ ಇಬ್ಬರು ಮಂಚಣ್ಣರು ಬರುತ್ತಾರೆ. ಒಬ್ಬರು ಗುಪ್ತ ಮಂಚಣ್ಣ. ಲಿಂಗನಿಷ್ಠೆಯನ್ನು ಹೊರಗೆ ತೋರಗೊಡದೆ ಅಂತರಂಗದಲ್ಲಿ ನಡೆಸಿದ ಭಕ್ತರು. ಮತ್ತೊಬ್ಬ ಕೊಂಡೆಯ ಮಂಚಣ್ಣ. ಬಸವಣ್ಣನವರು ಭಂಡಾರದ ಹೊನ್ನನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಬಿಜ್ಜಳನ ಕಿವಿಗೆ ಹಾಕಿದವನು. ಈ ಸಂದರ್ಭದಲ್ಲಿ ಬಸವಣ್ಣನವರು ಮಾಡಿದ್ದೇನು? ಭಂಡಾರವು ಅರಸನದು, ಪ್ರಜೆಗಳದು. ಅದನ್ನು ತೆರೆದು ಎಣಿಸಲು ಹೇಳಿದರು, ಲೆಕ್ಕವು ಸರಿಯಾಗಿತ್ತೆಂದು ಪುರಾಣಗಳು ಹೇಳುತ್ತವೆ. ಭಕ್ತನ ಪೂಜೆಯು ಅವನ ಏಕಾಂತಕ್ಕೆ ಸೇರಿದ್ದು, ಅದನ್ನು ಇಣುಕಬಾರದು. ಭಂಡಾರಿಯ ಲೆಕ್ಕವು ಲೋಕಕ್ಕೆ ಸೇರಿದ್ದು, ಅದನ್ನು ಮುಚ್ಚಬಾರದು. ಗುಟ್ಟು ಮತ್ತು ಲೆಕ್ಕ ಇವೆರಡರ ನಡುವಿನ ಗೆರೆಯನ್ನು ನಮ್ಮ ಹಿರಿಯರು ಹೀಗೆ ಸ್ಪಷ್ಟವಾಗಿ ಎಳೆದಿದ್ದರು.

೨೦೦೫ರ ಮಾಹಿತಿ ಹಕ್ಕು ಅಧಿನಿಯಮವೂ ಇದೇ ಗೆರೆಯನ್ನು ಎಳೆದಿತ್ತು. (ನಮ್ಮ ರಾಜ್ಯವು ಅದಕ್ಕೂ ಮೊದಲೇ, ೨೦೦೦ದಲ್ಲಿಯೇ, ಇಂತಹ ಒಂದು ಅಧಿನಿಯಮವನ್ನು ಮಾಡಿಕೊಂಡಿತ್ತೆಂಬುದು ಹೆಮ್ಮೆಯ ವಿಷಯ.) ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ಖಾಸಗಿ ವಿವರವನ್ನು ಕೊಡಬೇಕಾಗಿಲ್ಲ, ಆದರೆ ವ್ಯಾಪಕ ಸಾರ್ವಜನಿಕ ಹಿತವಿದ್ದರೆ ಕೊಡಬೇಕು ಎಂದು ಅದರ ೮(೧)(ಜೆ) ಕಲಮು ಹೇಳುತ್ತಿತ್ತು. ದತ್ತಾಂಶ ಸಂರಕ್ಷಣೆಯ ಹೊಸ ಶಾಸನದ ೪೪(೩)ನೆಯ ಕಲಮು ಈ ವಿವರಣೆಯನ್ನೆಲ್ಲ ಅಳಿಸಿ, ವೈಯಕ್ತಿಕ ಮಾಹಿತಿಯಾದರೆ ಕೊಡಬೇಕಾಗಿಲ್ಲ ಎಂಬಷ್ಟನ್ನೇ ಉಳಿಸಿತು. ೨೦೨೫ರ ನವೆಂಬರ್‌ನಿಂದ ಇದು ಜಾರಿಯಾಯಿತು. ಅದೇ ಅಧಿನಿಯಮದ ೮(೨)ನೆಯ ಕಲಮಿನಲ್ಲಿ ಸಾರ್ವಜನಿಕ ಹಿತದ ವಿನಾಯಿತಿ ಇದ್ದೇ ಇದೆಯಲ್ಲ ಎಂದು ಸರ್ಕಾರವು ಸಮಾಧಾನ ಹೇಳುತ್ತದೆ. ಅದು ಇದೆ ನಿಜ. ಆದರೆ ಪಡಿತರದ ಪಟ್ಟಿಯಲ್ಲಿ ಯಾರ ಹೆಸರಿದೆ, ಗುತ್ತಿಗೆ ಯಾರಿಗೆ ಹೋಯಿತು, ಅಧಿಕಾರಿಯ ಪ್ರಮಾಣಪತ್ರ ನಿಜವೇ ಎಂದು ಕೇಳುವ ಹಳ್ಳಿಯವನಿಗೆ ಗುಮಾಸ್ತನು ಮೊದಲ ಬಾಗಿಲಲ್ಲಿಯೇ ‘ವೈಯಕ್ತಿಕ’ ಎಂದು ಬೀಗ ಹಾಕಿದರೆ, ಎರಡನೆಯ ಬಾಗಿಲಿನವರೆಗೆ ಹೋಗುವ ತ್ರಾಣ ಎಷ್ಟು ಜನರಿಗಿದೆ? ಸಾಮಾನ್ಯರ ಏಕಾಂತಕ್ಕೆ ಕಂಪನಿಯು ಒಂದು ಗುಂಡಿಯಿಂದ ನುಗ್ಗಬಹುದು, ಭಂಡಾರಿಯ ಲೆಕ್ಕಕ್ಕೆ ಮಾತ್ರ ಪರದೆ! ೨೦೨೫ರ ಏಪ್ರಿಲ್‌ನಲ್ಲಿ ವಿರೋಧ ಪಕ್ಷಗಳ ೧೨೦ಕ್ಕೂ ಹೆಚ್ಚು ಸಂಸದರು ಈ ಕಲಮನ್ನು ತೆಗೆಯಬೇಕೆಂದು ಮನವಿಗೆ ಸಹಿ ಹಾಕಿದರು. ಇದು ಒಂದು ಪಕ್ಷದ ಪ್ರಶ್ನೆಯಾಗಿ ಉಳಿಯಬಾರದೆಂಬುದು ನಮ್ಮ ಅಭಿಪ್ರಾಯ. ಖಾಸಗಿತನಕ್ಕಾಗಿ ಸಂಸತ್ತಿನಲ್ಲಿ ಖಾಸಗಿ ಮಸೂದೆಗಳನ್ನು ತಂದವರಲ್ಲಿ ಬೇರೆ ಬೇರೆ ಪಕ್ಷಗಳವರಿದ್ದಾರೆ. ಬೈಜಯಂತ್ ಪಾಂಡಾ ಮತ್ತು ಶಶಿ ತರೂರ್ ಇಬ್ಬರೂ ತಮ್ಮ ತಮ್ಮ ಮಸೂದೆಗಳನ್ನು ಮಂಡಿಸಿದ್ದರು. ಖಾಸಗಿ ಮಸೂದೆಯೊಂದು ಕಾನೂನಾಗಿ ೧೯೭೦ರಿಂದೀಚೆಗೆ ಒಮ್ಮೆಯೂ ಹೊರಬಂದಿಲ್ಲ. ಆದರೂ ವಿಷಯವನ್ನು ಸದನದ ಕಿವಿಗೆ ಮುಟ್ಟಿಸುವ ಕೆಲಸವನ್ನು ಅವು ಮಾಡುತ್ತವೆ.

ಸಂಸದರಿಗೆ ಬರೆದರೆ ಏನಾಗುತ್ತದೆ, ಅವರ ಕಾರ್ಯದರ್ಶಿಯು ಬುಟ್ಟಿಗೆ ಹಾಕುತ್ತಾನೆ ಎಂದು ಹಲವರು ನಗುತ್ತಾರೆ. ಅವರಿಗೆ ಒಂದು ಲೆಕ್ಕವನ್ನು ನೆನಪಿಸುತ್ತೇವೆ. ೨೦೧೫ರಲ್ಲಿ ಅಂತರ್ಜಾಲದ ಎಲ್ಲ ತಾಣಗಳಿಗೂ ಸಮಾನ ಪ್ರವೇಶವಿರಬೇಕೇ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಜನರನ್ನು ಕೇಳಿದಾಗ ಸುಮಾರು ಒಂದು ತಿಂಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಿಂಚಂಚೆಗಳು ಹೋದವು. ಸಂಸದರು ಸದನದಲ್ಲಿ ಅದನ್ನು ಎತ್ತಿದರು. ೨೦೧೬ರ ಫೆಬ್ರುವರಿಯಲ್ಲಿ ಪ್ರಾಧಿಕಾರವು ತಾಣದಿಂದ ತಾಣಕ್ಕೆ ದರಭೇದ ಮಾಡುವುದನ್ನು ನಿಷೇಧಿಸಿತು. ಅದೇ ದೇಶದಲ್ಲಿ, ಖಾಸಗಿ ಮಾಹಿತಿಯ ನಿಯಮಗಳ ಕರಡಿನ ಮೇಲೆ ೨೦೨೫ರಲ್ಲಿ ಅಭಿಪ್ರಾಯ ಕೇಳಿದಾಗ ಬಂದವು ೬,೯೧೫. ಹತ್ತು ಲಕ್ಷವೆಲ್ಲಿ, ಏಳು ಸಾವಿರವೆಲ್ಲಿ! ನಾವು ಕೇಳಲಿಲ್ಲ, ಅವರು ಕೊಡಲಿಲ್ಲ.

ಆ ೨೦೧೫ರ ಪ್ರಕರಣದಲ್ಲಿಯೇ ಒಂದು ವಿಪರ್ಯಾಸವೂ ನಡೆಯಿತು. ಪ್ರಾಧಿಕಾರವು ಬಂದ ಪತ್ರಗಳನ್ನೆಲ್ಲ, ಬರೆದವರ ಮಿಂಚಂಚೆ ವಿಳಾಸಗಳ ಸಮೇತ, ತನ್ನ ತಾಣದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿಬಿಟ್ಟಿತು. ಆದುದರಿಂದ ಬರೆಯುವಾಗಲೂ ಎಚ್ಚರವಿರಬೇಕು. ಸಂಸದರಿಗೆ ನೀವು ಅವರ ಕ್ಷೇತ್ರದ ಮತದಾರರೆಂದು ತಿಳಿಯಲು ಹೆಸರು, ಊರು, ತಾಲೂಕು, ವಿಧಾನಸಭಾ ಕ್ಷೇತ್ರ ಸಾಕು. ಆಧಾರ್ ಸಂಖ್ಯೆಯನ್ನಾಗಲಿ ಮತದಾರರ ಚೀಟಿಯ ಪ್ರತಿಯನ್ನಾಗಲಿ ಲಗತ್ತಿಸುವ ಅಗತ್ಯವಿಲ್ಲ. ಖಾಸಗಿತನದ ಹೆಸರಿನಲ್ಲಿ ಬೀದಿಬೀದಿಯಲ್ಲಿ ಸಹಿ ಸಂಗ್ರಹಿಸುವವರು ದೂರವಾಣಿ ಸಂಖ್ಯೆ, ಜನ್ಮದಿನಾಂಕಗಳನ್ನೂ ಕೇಳಿದರೆ, ಆ ಹಾಳೆಗಳು ಕೊನೆಗೆ ಯಾರ ಕೈ ಸೇರುತ್ತವೆಂದು ಮೊದಲು ವಿಚಾರಿಸಿರಿ. ಮತದಾರರಿಗೆ ತಿಳಿವಳಿಕೆ ಕೊಡುವ ನೆಪದಲ್ಲಿ ಮನೆಮನೆಗೆ ಹೋಗಿ ಖಾಸಗಿ ವಿವರಗಳನ್ನು ಸಂಗ್ರಹಿಸಿದರೆಂಬ ಆರೋಪವು ಬೆಂಗಳೂರಿನಲ್ಲಿ ೨೦೨೨ರ ನವೆಂಬರ್‌ನಲ್ಲಿ ಎಷ್ಟು ಗದ್ದಲವನ್ನೆಬ್ಬಿಸಿತೆಂಬುದು ಓದುಗರಿಗೆ ನೆನಪಿರಬಹುದು.

ಯಾರಿಗೆ ಬರೆಯಬೇಕೆಂಬುದರಲ್ಲಿಯೂ ನಮ್ಮವರು ತೊಡಕು ಮಾಡಿಕೊಳ್ಳುತ್ತಾರೆ. ಎಲ್ಲಕ್ಕೂ ಶಾಸಕರ ಮನೆಯ ಬಾಗಿಲನ್ನೇ ಬಡಿಯುವುದು ರೂಢಿಯಾಗಿದೆ. ಈ ಶಾಸನವು ಸಂಸತ್ತಿನದು. ಕರ್ನಾಟಕದಿಂದ ಲೋಕಸಭೆಗೆ ೨೮ ಮಂದಿ, ರಾಜ್ಯಸಭೆಗೆ ೧೨ ಮಂದಿ ಹೋಗುತ್ತಾರೆ. ನಿಮ್ಮ ಕ್ಷೇತ್ರದ ಲೋಕಸಭಾ ಸದಸ್ಯರಿಗೆ ಮೊದಲು ಬರೆಯಿರಿ. ರಾಜ್ಯ ಸರ್ಕಾರವು ಸಂಗ್ರಹಿಸುವ ಮಾಹಿತಿಯ ವಿಷಯವಾದರೆ ಮಾತ್ರ ಶಾಸಕರು. ೨೦೨೫ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಯ ಕಾಲದಲ್ಲಿ ಧರ್ಮದ ಅಂಕಣದಲ್ಲಿ ಏನನ್ನು ಬರೆಯಿಸಬೇಕೆಂದು ನಮ್ಮ ಸಮಾಜದಲ್ಲಿ ಎಷ್ಟೊಂದು ಸಭೆಗಳು ನಡೆದವು! ಬರೆಯಿಸಿದ್ದು ಎಲ್ಲಿ ಹೋಗಿ ಕೂಡುತ್ತದೆ, ಯಾರು ನೋಡುತ್ತಾರೆ ಎಂದು ಆ ಸಭೆಗಳಲ್ಲಿ ಕೇಳಿದವರನ್ನು ನಾವು ಕಾಣಲಿಲ್ಲ. ಉಚ್ಚ ನ್ಯಾಯಾಲಯವು ಅದನ್ನು ಕೇಳಿತು. ಪಾಲ್ಗೊಳ್ಳುವುದು ಜನರ ಇಚ್ಛೆಗೆ ಬಿಟ್ಟದ್ದೆಂದೂ ಸಂಗ್ರಹಿಸಿದ ವಿವರವು ಗೋಪ್ಯವಾಗಿರಬೇಕೆಂದೂ ಆದೇಶಿಸಿತು.

ಪತ್ರವನ್ನು ಕನ್ನಡದಲ್ಲಿಯೇ ಬರೆಯಬಹುದು. ಅಚ್ಚುಹಾಕಿದ ಒಂದೇ ಒಕ್ಕಣೆಯ ನೂರು ಹಾಳೆಗಳಿಗಿಂತ, ನಿಮ್ಮ ಮನೆಯಲ್ಲಿ ನಡೆದ ಸಂಗತಿಯನ್ನು ನಿಮ್ಮದೇ ಮಾತಿನಲ್ಲಿ ಹೇಳಿದ ಹತ್ತು ಹಾಳೆಗಳಿಗೆ ಹೆಚ್ಚು ತೂಕ. ಒಕ್ಕಣೆ ಹೀಗಿದ್ದರೆ ಸಾಕು: “ಸನ್ಮಾನ್ಯರೇ, ಶರಣು. ನಾನು ತಮ್ಮ ಕ್ಷೇತ್ರದ ಮತದಾರಳು. ನಮ್ಮ ಮನೆಯಲ್ಲಿ ಹೀಗೆ ನಡೆಯಿತು. ನಮ್ಮ ಹೆಜ್ಜೆಜಾಡನ್ನು ಹಿಡಿಯುವ ಮೊದಲು ಕಂಪನಿಗಳು ಕನ್ನಡದಲ್ಲಿ, ನಮಗೆ ತಿಳಿಯುವ ಮಾತಿನಲ್ಲಿ ಕೇಳುತ್ತಿವೆಯೇ ಎಂದು ತಾವು ಸಚಿವರನ್ನು ಪ್ರಶ್ನಿಸಬೇಕು. ಹಾನಿಯುಂಟಾದವರಿಗೆ ಪರಿಹಾರ ಸಿಗುವಂತೆ ಶಾಸನವನ್ನು ತಿದ್ದಲು ಒತ್ತಾಯಿಸಬೇಕು. ಮಾಹಿತಿ ಹಕ್ಕಿನ ಹಳೆಯ ಗೆರೆಯನ್ನು ಮರಳಿ ಎಳೆಯಬೇಕು. ತಾವು ಏನು ಮಾಡಿದಿರೆಂಬುದನ್ನು ದಯವಿಟ್ಟು ಬರೆದು ತಿಳಿಸಬೇಕು.” ಕೊನೆಯ ವಾಕ್ಯವನ್ನು ಮರೆಯಬಾರದು.

ಸಂಸದರಿಗೆ ಇದನ್ನು ಮಾಡಲು ದಾರಿಗಳಿಲ್ಲವೆಂದೇನೂ ಇಲ್ಲ. ಅಧಿವೇಶನದ ದಿನಗಳಲ್ಲಿ ಲೋಕಸಭೆಯ ಮೊದಲ ಗಂಟೆ ಪ್ರಶ್ನೆಗಳಿಗೆ ಮೀಸಲು. ದಿನಕ್ಕೆ ೨೦ ಪ್ರಶ್ನೆಗಳಿಗೆ ಬಾಯಿಮಾತಿನ ಉತ್ತರ, ೨೩೦ರವರೆಗೆ ಲಿಖಿತ ಉತ್ತರ. ಲಿಖಿತ ಉತ್ತರಕ್ಕೆ ಪತ್ರಿಕೆಗಳಲ್ಲಿ ಸದ್ದಾಗದಿದ್ದರೂ ಅದು ದಾಖಲೆಯಾಗಿ ಉಳಿಯುತ್ತದೆ, ಸಚಿವಾಲಯವು ಅದರಿಂದ ತಪ್ಪಿಸಿಕೊಳ್ಳುವಂತಿಲ್ಲ. ೩೭೭ನೆಯ ನಿಯಮದಡಿಯಲ್ಲಿ ವಿಷಯವನ್ನು ಪ್ರಸ್ತಾಪಿಸಬಹುದು. ಸದನದ ಅರ್ಜಿಗಳ ಸಮಿತಿಗೆ ನಾಗರಿಕರೇ ಅರ್ಜಿ ಸಲ್ಲಿಸಬಹುದು. ಸಂಸದರೊಬ್ಬರ ಮೇಲುಸಹಿಯೊಂದಿಗೆ ಅದು ಸದನದ ಮುಂದೆ ಬರುತ್ತದೆ. ಸಂಪರ್ಕ ಮತ್ತು ಮಾಹಿತಿ ತಂತ್ರಜ್ಞಾನದ ಸ್ಥಾಯಿ ಸಮಿತಿಯು ಜನರ ಅಭಿಪ್ರಾಯವನ್ನು ಕರೆದಾಗ ನೇರವಾಗಿಯೂ ಬರೆಯಬಹುದು.

ಅನ್ಯರ ಅಂಗಳವನ್ನು ಗುಡಿಸಲು ಹೇಳುವ ಮೊದಲು ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಮಠಗಳು ನಡೆಸುವ ಶಾಲೆ, ಕಾಲೇಜು, ಪ್ರಸಾದನಿಲಯ, ಆಸ್ಪತ್ರೆಗಳಲ್ಲಿ ಲಕ್ಷಾಂತರ ಮಕ್ಕಳ, ರೋಗಿಗಳ ವಿವರಗಳಿವೆ. ವಿದ್ಯಾಸಂಸ್ಥೆಗಳಿಗೆ ಹೊಸ ನಿಯಮಗಳಲ್ಲಿ ಕೆಲವು ವಿನಾಯಿತಿಗಳು ಉಂಟು. ಆದರೆ ಅವು ಮಗುವಿನ ಓದಿಗೂ ಸುರಕ್ಷತೆಗೂ ಬೇಕಾದಷ್ಟಕ್ಕೆ ಮಾತ್ರ. ಪ್ರಸಾದನಿಲಯದ ಬಡಮಕ್ಕಳ ಭಾವಚಿತ್ರ, ತಂದೆಯ ಹೆಸರು, ಊರು ಎಲ್ಲವನ್ನೂ ದಾನಿಗಳಿಗೆ ತೋರಿಸಲೆಂದು ಅಂತರ್ಜಾಲಕ್ಕೆ ಏರಿಸುವುದು ಈ ವಿನಾಯಿತಿಯೊಳಗೆ ಬರುವುದಿಲ್ಲ. ದಾಸೋಹ ತತ್ತ್ವದೊಳಗಂತೂ ಬರುವುದೇ ಇಲ್ಲ. ವಧುವರರ ಅನ್ವೇಷಣೆಯ ಕೇಂದ್ರಗಳಲ್ಲಿ ಹೆಣ್ಣುಮಕ್ಕಳ ಜನ್ಮದಿನಾಂಕ, ವೇತನ, ಮನೆಯ ವಿಳಾಸಗಳಿರುವ ಪಟ್ಟಿಗಳು ಒಬ್ಬರ ಮೊಬೈಲಿನಿಂದ ಇನ್ನೊಬ್ಬರ ಮೊಬೈಲಿಗೆ ಹರಿದಾಡುತ್ತವೆ. ಮದುವೆಯಾಗಿ ಮೂರು ಮಕ್ಕಳಾದ ಮೇಲೂ ಆ ಪಟ್ಟಿಯಲ್ಲಿ ಹೆಸರು ಉಳಿದಿರುವುದನ್ನು ನಾವು ಕಂಡಿದ್ದೇವೆ. ಕೆಲಸ ಮುಗಿದ ಮೇಲೆ ಮಾಹಿ­ತಿಯನ್ನು ಅಳಿಸಬೇಕೆಂಬುದು ಹೊಸ ಶಾಸನದ ವಿಧಿಗಳಲ್ಲೊಂದು. ಅದಕ್ಕಾಗಿ ಯಾವ ಸಚಿವರ ಅಪ್ಪಣೆಗೂ ಕಾಯಬೇಕಾಗಿಲ್ಲ.

ಮುಂದಿನ ಸಂಸತ್ ಅಧಿವೇಶನಕ್ಕೆ ಮುನ್ನ ಓದುಗ ಬಂಧುಗಳು ತಮ್ಮ ಸಂಸದರಿಗೆ ಬರೆದರೆ, ಪ್ರಶ್ನೆಗಳನ್ನು ಸಲ್ಲಿಸಲು ಅವರಿಗೆ ಸಮಯವಿರುತ್ತದೆ. ಪ್ರಶ್ನೆಗೆ ಕನಿಷ್ಠ ಎರಡು ವಾರಗಳ ಮುನ್ಸೂಚನೆ ಬೇಕು. ಉತ್ತರ ಬಂದರೆ ಅದರ ಪ್ರತಿಯೊಂದನ್ನು ಪತ್ರಿಕೆಯ ಕಾರ್ಯಾಲಯಕ್ಕೆ ಕಳುಹಿಸಿರಿ. ಬಾರದಿದ್ದರೆ, ಬರೆದ ದಿನಾಂಕವನ್ನಾದರೂ ತಿಳಿಸಿರಿ. ಬರೆದವರ ಹೆಸರು ವಿಳಾಸಗಳನ್ನು ತೆಗೆದುಹಾಕಿ, ಯಾವ ಯಾವ ಕ್ಷೇತ್ರದಿಂದ ಏನು ಉತ್ತರ ಬಂದಿತೆಂಬುದನ್ನು ಮುಂದಿನ ಸಂಚಿಕೆಗಳಲ್ಲಿ ಇದೇ ಅಂಕಣದಲ್ಲಿ ಪ್ರಕಟಿಸುತ್ತೇವೆ.